ಹಬೆಗೆ ದಾರಿ ಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ತುಲಾ ತಿಂಗಳ ಮಳೆ ಹಿಂದೆ ಸರಿದು ಅಡಿಕೆ, ಕೊಬ್ಬರಿ ಅಂಗಳಕ್ಕೆ ಇಳಿಯುವ ಹೊತ್ತು. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ನೀರಾವಿಯದೇ ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಬದಿಯಡ್ಕದ ಕೃಷಿಕರು: ಕೊಬ್ಬರಿ ಒಣಗಿಸಲು ಅಂಗಳದಲ್ಲಿ 6 ಮೀಟರ್ ಉದ್ದ, 4 ಮೀಟರ್ ಅಗಲದ ಪ್ಲಾಸ್ಟಿಕ್ ಸೋಲಾರ್ ಗೂಡು ಕಟ್ಟಿಸಿದ್ದೇವೆ. ಮಧ್ಯಾಹ್ನ ಒಳಗೆ ನಿಲ್ಲಲಾಗದಷ್ಟು ಸೆಕೆ. ಬಿಸಿ ಹೋಗಬಾರದೆಂದು ನಾಲ್ಕೂ ಬದಿ ಭದ್ರವಾಗಿ ಮುಚ್ಚಿದ್ದೇವೆ. ಆದರೂ ಬೆಳಗ್ಗೆ ಮಾಡಿನಿಂದ ನೀರು ತೊಟ್ಟಿಕ್ಕುತ್ತದೆ, ತೆಂಗಿನ ಕಡಿಗಳಿಗೆ ಬೂಸ್ಟು ಬರುತ್ತದೆ. ಎಲ್ಲಿ ತಪ್ಪಿದೆ?

ಭದ್ರವಾಗಿ ಮುಚ್ಚಿದ್ದೇ ತಪ್ಪು. ಬಿಸಿಲು ತೆಂಗಿನ ಕಡಿಯಿಂದ ನೀರನ್ನು ಹೊರಗೆ ತರುತ್ತದೆ ಅಷ್ಟೇ. ಆ ನೀರನ್ನು ಗೂಡಿನಿಂದ ಆಚೆ ಒಯ್ಯುವುದು ಗಾಳಿಯ ಕೆಲಸ. ನಿಮ್ಮಲ್ಲಿ ಗಾಳಿಗೆ ದಾರಿಯೇ ಇಲ್ಲ.

ಲೆಕ್ಕ ಹಾಕಿ ನೋಡಿ. ಹಸಿ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರು. ಕೊಬ್ಬರಿಯಾಗಬೇಕಾದರೆ ಅದು 6 ಶೇಕಡಕ್ಕೆ ಇಳಿಯಬೇಕು. ಅಂದರೆ 100 ಕಿಲೋ ಹಸಿ ತಿರುಳಿನಿಂದ ಸುಮಾರು 47 ಕಿಲೋ ನೀರು ಹೊರಗೆ ಹೋಗಿ 53 ಕಿಲೋ ಕೊಬ್ಬರಿ ಉಳಿಯಬೇಕು. ಹೊರಗೆ 32 ಡಿಗ್ರಿ ಬಿಸಿ, 60 ಶೇಕಡ ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಮೊದಲೇ 20 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಗೂಡಿನೊಳಗೆ 50 ಡಿಗ್ರಿಗೆ ಕಾಯಿತೆನ್ನಿ. ಹೊತ್ತಿರುವ ನೀರು ಅಷ್ಟೇ, ಆದರೆ ಹೊರುವ ಶಕ್ತಿ 83 ಗ್ರಾಂಗೆ ಏರುತ್ತದೆ. ತೇವದ ಪ್ರಮಾಣ 60ರಿಂದ ಸುಮಾರು 23 ಶೇಕಡಕ್ಕೆ ಬೀಳುತ್ತದೆ. ಸೋಲಾರ್ ಗೂಡಿನ ಗುಟ್ಟು ಇಷ್ಟೇ: ಗಾಳಿಯನ್ನು ಬಾಯಾರಿಸುವುದು. ಹಾಗೆ ಬಾಯಾರಿದ ಗಾಳಿಯೂ ಹೊರಗೆ ಹೋಗುವಾಗ ಒಂದು ಘನ ಮೀಟರಿಗೆ 10 ಗ್ರಾಂನಷ್ಟು ನೀರು ಹೆಚ್ಚಿಗೆ ಹೊತ್ತರೆ ದೊಡ್ಡದು. 47 ಕಿಲೋ ನೀರು ಸಾಗಿಸಲು ಸುಮಾರು 4,700 ಘನ ಮೀಟರ್ ಗಾಳಿ ಬೇಕು. ನಿಮ್ಮ ಗೂಡು ಸರಾಸರಿ 2 ಮೀಟರ್ ಎತ್ತರ ಇದ್ದರೆ ಅದರ ಒಳಗೆ ಹಿಡಿಸುವುದು 48 ಘನ ಮೀಟರ್. ಒಣಗಿ ಮುಗಿಯುವಷ್ಟರಲ್ಲಿ ಒಳಗಿನ ಗಾಳಿ ಹತ್ತಿರ ಹತ್ತಿರ ನೂರು ಸಲ ಬದಲಾಗಬೇಕು. ಮುಚ್ಚಿದ ಗೂಡಿನಲ್ಲಿ ಮೊದಲ ಗಂಟೆಯಲ್ಲೇ ಗಾಳಿಯ ಹೊಟ್ಟೆ ತುಂಬುತ್ತದೆ. ಆಮೇಲೆ ಸೆಕೆ ಮಾತ್ರ, ಒಣಗುವುದಿಲ್ಲ.

ಈಗ ಮಾಡಬೇಕಾದ್ದು. ಎರಡೂ ಉದ್ದದ ಬದಿಗಳಲ್ಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಪ್ಲಾಸ್ಟಿಕ್ ಸುತ್ತಿ ಎತ್ತುವ ಹಾಗೆ ಮಾಡಿ, ಇಲಿ ಬಾರದಂತೆ ಬಲೆ ಹೊಡೆಯಿರಿ. ಮಾಡಿನ ಕೋಡಿನುದ್ದಕ್ಕೂ ಮೇಲೆ ದಾರಿ ಬಿಟ್ಟು, ಮಳೆ ಬೀಳದಂತೆ ಅದರ ಮೇಲೊಂದು ಸಣ್ಣ ಟೊಪ್ಪಿ ಕೊಡಿ. ಕೆಳಗಿನ ದಾರಿಗಳ ಒಟ್ಟು ವಿಸ್ತೀರ್ಣ ಮೇಲಿನದಕ್ಕಿಂತ ಕಡಿಮೆ ಇರಬಾರದು. ಬಿಸಿ ಗಾಳಿ ಹಗುರ, ನೀರಾವಿ ಬೆರೆತ ಗಾಳಿ ಇನ್ನೂ ಹಗುರ. ಮೇಲೆ ಬಾಯಿ ಇದ್ದರೆ ತಾನಾಗಿ ಏರಿ ಹೋಗುತ್ತದೆ, ಫ್ಯಾನು ಬೇಕೆಂದಿಲ್ಲ.

ನೆಲ ಮಣ್ಣಿನದೋ? ಹಾಗಿದ್ದರೆ ಇನ್ನೊಂದು ಸಂಗತಿ. ಹಾಸಿದ ಮಾಲಿಗಿಂತ ಹೆಚ್ಚು ನೀರನ್ನು ಒದ್ದೆ ಮಣ್ಣೇ ಒಳಗೆ ಉಗುಳುತ್ತಿರಬಹುದು. ಮೊದಲು ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಕಪ್ಪು ಹಾಳೆ. ಸಾಧ್ಯವಾದರೆ ಮಾಲನ್ನು ನೆಲದಿಂದ ಎತ್ತರಿಸಿ ಬಲೆಯ ತಟ್ಟಿಯ ಮೇಲೆ ಹರಡಿ, ಅಡಿಯಿಂದಲೂ ಗಾಳಿಯಾಡಲಿ.

ರಾತ್ರಿಯ ನೀರಿನ ವಿಷಯ. ಸಂಜೆ 5ಕ್ಕೆ ಮುಚ್ಚಿಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಆಗ ಮಾಲು ಇನ್ನೂ ಬಿಸಿಯಾಗಿದ್ದು ನೀರಾವಿ ಬಿಡುತ್ತಲೇ ಇರುತ್ತದೆ, ಪ್ಲಾಸ್ಟಿಕ್ ಮಾತ್ರ ಆಕಾಶಕ್ಕೆ ಮುಖಮಾಡಿ ಬೇಗ ತಣಿಯುತ್ತದೆ. ನೀರಾವಿ ಹೋಗಿ ಅಲ್ಲೇ ಕೂತು ಹನಿಯಾಗುತ್ತದೆ. ಸೂರ್ಯ ಮುಳುಗಿದ ಮೇಲೂ ಸುಮಾರು ಒಂದು ಗಂಟೆ ಎಲ್ಲ ದಾರಿ ತೆರೆದಿಟ್ಟು, ಮಾಲು ತಣಿದ ಮೇಲೆ ಕೆಳಗಿನದನ್ನು ಮುಚ್ಚಿ. ಮಾಡು ಚಪ್ಪಟೆಯಾಗಿದ್ದರೆ ಹನಿ ನೇರ ಮಾಲಿನ ಮೇಲೆ ಬೀಳುತ್ತದೆ. ಒಳ್ಳೆಯ ಇಳಿಜಾರು ಇದ್ದರೆ ಪ್ಲಾಸ್ಟಿಕ್‌ಗೆ ಅಂಟಿಕೊಂಡೇ ಜಾರಿ ಅಂಚಿಗೆ ಇಳಿಯುತ್ತದೆ.

ಒಂದು ಡಿಜಿಟಲ್ ತೇವಮಾಪಕ ತಂದು ಒಳಗೆ ನೆರಳಿನಲ್ಲಿ ತೂಗಿಹಾಕಿ. ಮಧ್ಯಾಹ್ನ ಅದು 60 ಶೇಕಡಕ್ಕಿಂತ ಮೇಲೆ ತೋರಿಸಿದರೆ ದಾರಿ ಹೆಚ್ಚಿಸಿ. 25ಕ್ಕಿಂತ ಕೆಳಗೆ ಬಿದ್ದರೆ ಬಿಸಿಯನ್ನು ಸುಮ್ಮನೆ ಹೊರಗೆ ಬಿಡುತ್ತಿದ್ದೀರಿ, ಸ್ವಲ್ಪ ಕಡಿಮೆ ಮಾಡಿ. ಗೊರಬಲು ಸಹಿತ ಒಣಗಿಸುವ ಹಣ್ಣಡಿಕೆಗೂ ಇದೇ ಕ್ರಮ, ಆದರೆ ಆತುರ ಬೇಡ. ಅಂಗಳದಲ್ಲಿ ಅದಕ್ಕೆ 35ರಿಂದ 40 ದಿನದ ಬಿಸಿಲು ಬೇಕು. ಒಂದೇ ಪದರಾಗಿ ಹರಡಿ ವಾರಕ್ಕೊಮ್ಮೆ ಮಗುಚಿ. ಹೊರಗೆ ಬೇಗ ಗಟ್ಟಿಯಾಗಿ ಒಳಗೆ ನೀರು ಸಿಕ್ಕಿಕೊಂಡರೆ ಗೋಣಿಯಲ್ಲಿ ತುಂಬಿದ ಮೇಲೆ ಬೂಸ್ಟು ಏಳುತ್ತದೆ, ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ನೀರ್ಚಾಲಿನ ವಿದ್ಯಾರ್ಥಿನಿ: ಕುದಿಯುವ ನೀರಿನ ಮೇಲೆ ಕಾಣುವ ಬಿಳಿ ಹೊಗೆಯೇ ಆವಿಯೆ? ಎಷ್ಟು ಉರಿ ಕೊಟ್ಟರೂ ಉಷ್ಣಮಾಪಕ 100 ದಾಟುವುದಿಲ್ಲವೇಕೆ?

ಅಲ್ಲ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಕೆಟಲಿನ ಮೂತಿಗೆ ತಾಗಿದಂತೆ ಒಂದೆರಡು ಸೆಂಟಿಮೀಟರ್ ಖಾಲಿ ಜಾಗ ಇದ್ದ ಹಾಗೆ ತೋರುತ್ತದಲ್ಲ, ನಿಜವಾದ ಆವಿ ಇರುವುದು ಅಲ್ಲಿ. ಕೈ ಸುಡುವುದೂ ಅಲ್ಲೇ. ಅದರಾಚೆಗಿನ ಬಿಳಿ ಎಂದರೆ ತಣಿದು ಮತ್ತೆ ನೀರಾದ ಸಣ್ಣ ಹನಿಗಳು.

ಎರಡನೆಯದಕ್ಕೆ ಉತ್ತರ: ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿ ಬಿಡಿಸುವುದಕ್ಕೇ ಖರ್ಚಾಗುತ್ತದೆ. 30 ಡಿಗ್ರಿಯ ಒಂದು ಕಿಲೋ ನೀರನ್ನು 100ಕ್ಕೆ ಏರಿಸಲು 70 ಕಿಲೋಕ್ಯಾಲರಿ ಸಾಕು. ಅದನ್ನು ಪೂರ್ತಿ ಆವಿ ಮಾಡಲು ಮತ್ತೆ 540 ಬೇಕು. ಈ ಅಡಗಿದ ಶಾಖವನ್ನು ಗುರುತಿಸಿದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್, 1760ರ ಆಸುಪಾಸಿನಲ್ಲಿ. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್‌ಗೆ ನ್ಯೂಕಾಮೆನ್ ಎಂಬವನ 1712ರ ಹಬೆ ಎಂಜಿನ್ನಿನ ದೋಷ ಹೊಳೆಯಿತು. ಪ್ರತಿ ಸಲವೂ ಸಿಲಿಂಡರಿನೊಳಗೇ ತಣ್ಣೀರು ಚಿಮುಕಿಸಿ ಆವಿಯನ್ನು ನೀರು ಮಾಡುತ್ತಿದ್ದರಿಂದ, ಮುಂದಿನ ಆವಿಯ ಬಹುಪಾಲು ಆ ತಣಿದ ಕಬ್ಬಿಣವನ್ನು ಮತ್ತೆ ಕಾಯಿಸುವುದರಲ್ಲೇ ಮುಗಿಯುತ್ತಿತ್ತು. ಆವಿ ತಣಿಯಲು ಬೇರೆಯೇ ಪಾತ್ರೆ ಇರಲಿ ಎಂದು 1765ರಲ್ಲಿ ಅವನಿಗೆ ತೋಚಿತು, 1769ರಲ್ಲಿ ಪೇಟೆಂಟ್ ಸಿಕ್ಕಿತು.

ಇನ್ನೊಂದು ಮಾತು. 100 ಎಂಬುದು ನಮ್ಮ ಕರಾವಳಿಯ ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರ್ ಹತ್ತಿರದ ಹೊಸೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಮಂಜೇಶ್ವರದ ಗೃಹಿಣಿ: ಕುಕ್ಕರಿನ ಸೇಫ್ಟಿ ವಾಲ್ವ್ ಎರಡು ತಿಂಗಳಲ್ಲಿ ಮೂರು ಸಲ ಹೋಯಿತು. ಅಂಗಡಿಯವರು ದಪ್ಪದ್ದು ಹಾಕಿಕೊಡುತ್ತೇನೆ ಎನ್ನುತ್ತಾರೆ. ಹಾಕಿಸಬಹುದೆ?

ಖಂಡಿತ ಬೇಡ. ಆ ವಾಲ್ವಿನ ನಡುವೆ ಇರುವುದು ಬೇಗ ಕರಗುವ ಮಿಶ್ರಲೋಹ. ಅದು ಕರಗಿ ನಿಮ್ಮನ್ನು ಮೂರು ಸಲ ಕಾಪಾಡಿದೆ. ಕೇಳಬೇಕಾದ್ದು ಅದು ಯಾಕೆ ಕರಗುತ್ತಿದೆ ಎಂದು.

ಕಾರಣ ಎರಡರಲ್ಲಿ ಒಂದು. ಒಳಗಿನ ನೀರು ಆರಿಹೋಗುತ್ತಿದೆ, ಇಲ್ಲವೇ ವೆಯ್ಟ್ ಕೂರುವ ಕೊಳವೆ ಕಟ್ಟಿಕೊಂಡಿದೆ. ಮುಚ್ಚಳ ಬೆಳಕಿಗೆ ಹಿಡಿದು ಕೊಳವೆಯ ಮೂಲಕ ನೋಡಿ, ಆಚೆಯ ಬೆಳಕು ಕಾಣಬೇಕು. ಪ್ರತಿ ಸಲ ಇಡುವ ಮೊದಲು ನೋಡಲೇಬೇಕಾದ್ದು ಇದು. ಬೇಳೆ, ಕಡಲೆ, ಗಂಜಿ ನೊರೆ ಎದ್ದು ಸಿಪ್ಪೆ ಸಹಿತ ಮೇಲೆ ಬರುತ್ತವೆ. ಅವುಗಳನ್ನು ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು. ಬೇರೆ ಅಡುಗೆಗೆ ಮೂರರಲ್ಲಿ ಎರಡು ಪಾಲು. ಇನ್ನು ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಂಚಿನಿಂದ ಹಬೆ ಸೋರುತ್ತಲೇ ಇರುತ್ತದೆ, ಒತ್ತಡ ಏರದೆ ವಿಶಲ್ ಬರುವುದಿಲ್ಲ. ವಿಶಲ್ ಬರಲೆಂದು ನೀವು ಕಾಯುತ್ತೀರಿ, ನೀರು ಆರುತ್ತದೆ, ಸೇಫ್ಟಿ ಕರಗುತ್ತದೆ. ನಿಮ್ಮ ಪತ್ರದಲ್ಲಿ ಅಂಚಿನ ಸುತ್ತ ನೀರು ಕಾಣುತ್ತದೆ ಎಂದು ಬರೆದಿದ್ದೀರಿ. ಆದ್ದರಿಂದ ಮೊದಲು ಗ್ಯಾಸ್ಕೆಟ್ ಬದಲಿಸಿ. ಸೇಫ್ಟಿಯೂ ಗ್ಯಾಸ್ಕೆಟ್ಟೂ ಅದೇ ಕುಕ್ಕರಿನ ಕಂಪನಿಯದ್ದೇ ಆಗಲಿ.

ವೆಯ್ಟನ್ನು ಮೊದಲೇ ಇಡಬೇಡಿ. ಕೊಳವೆಯಿಂದ ಹಬೆ ಒಂದೇ ಸಮ ಬಂದ ಮೇಲೆ ಇಡಿ. ಅಷ್ಟರಲ್ಲಿ ಒಳಗಿನ ಗಾಳಿ ಹೊರಗೆ ಹೋಗಿರುತ್ತದೆ. ಗಾಳಿ ಉಳಿದರೆ ಒತ್ತಡ ಅಷ್ಟೇ ತೋರಿದರೂ ಬಿಸಿ ಕಡಿಮೆ. ಸಾಮಾನ್ಯ ಮನೆಯ ಕುಕ್ಕರಿನ ವೆಯ್ಟ್ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡದಲ್ಲಿ ಏಳುತ್ತದೆ. ಆಗ ಒಳಗೆ 120 ಡಿಗ್ರಿ. ಅದಕ್ಕಿಂತ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಬಿಸಿ ಏರದು, ಗ್ಯಾಸೂ ನೀರೂ ವ್ಯರ್ಥ. ಮೊದಲ ವಿಶಲಿಗೆ ಉರಿ ತಗ್ಗಿಸಿ ಗಡಿಯಾರ ನೋಡಿ. ವಿಶಲ್ ಎಣಿಸುವುದು ಅಳತೆಯೇ ಅಲ್ಲ.

ಒತ್ತಡ ಇಳಿಯುವ ಮೊದಲು ಮುಚ್ಚಳ ತೆಗೆದರೆ ಏನಾಗುತ್ತದೆಂದರೆ, 120 ಡಿಗ್ರಿಯ ನೀರು ಒಮ್ಮೆಲೇ 100ಕ್ಕೆ ಇಳಿಯಬೇಕಾಗುತ್ತದೆ. ಹೆಚ್ಚಿನ ಶಾಖದಿಂದ 2 ಲೀಟರಿನಲ್ಲಿ ಸುಮಾರು 75 ಗ್ರಾಂ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ಕೇಳಲು ಸ್ವಲ್ಪ, ಆದರೆ ಅದಕ್ಕೆ ಬೇಕಾದ ಜಾಗ 120 ಲೀಟರಿಗೂ ಮೇಲೆ. ಬಿಸಿ ಬೇಳೆ ಮುಖಕ್ಕೆ ಹಾರುವುದು ಹಾಗೆ.

ಮುಳ್ಳೇರಿಯದ ಮಹಿಳಾ ಘಟಕದಿಂದ: ಪತ್ರೊಡೆ, ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯ ಕಡುಬು) ಬೇಯಿಸಿ ಮಾರುತ್ತೇವೆ. ಅಟ್ಟಿನಳಗೆಗಳಲ್ಲಿ ಸಾಲದೆ ಸಣ್ಣ ಬಾಯ್ಲರ್ ಇಡಬೇಕೆಂದಿದ್ದೇವೆ. ಏನು ಗಮನಿಸಬೇಕು?

ಕೊಳ್ಳುವ ಮೊದಲೇ ಕಾನೂನು ನೋಡಿ. 25 ಲೀಟರಿಗಿಂತ ಕಡಿಮೆ ಹಿಡಿಸುವ ಅಥವಾ ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಿಮೆ ಒತ್ತಡಕ್ಕೆ ರೂಪಿಸಿ, ಅಷ್ಟರೊಳಗೇ ನಡೆಸುವ ಉಪಕರಣ ಕಾನೂನಿನ ಅರ್ಥದಲ್ಲಿ ಬಾಯ್ಲರ್ ಅಲ್ಲ. ಎರಡನ್ನೂ ದಾಟಿದರೆ ನೋಂದಣಿ, ತಪಾಸಣೆ ಎಲ್ಲ ಬೇಕು. 1923ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಇದೆ. ಕೊಟ್ಟಿಗೆ ಬೇಯಿಸಲು 100 ಡಿಗ್ರಿಯ ಹಬೆ ಧಾರಾಳ ಸಾಕು. ಆದ್ದರಿಂದ ಕಡಿಮೆ ಒತ್ತಡದ ಉಪಕರಣವನ್ನೇ ಆರಿಸಿ. ಗ್ಯಾರೇಜಿನಲ್ಲಿ ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಿದ್ದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಸೌದೆಯ ಅಂದಾಜು: ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ, ಅರ್ಧ ಶಾಖ ಮಾತ್ರ ನೀರಿಗೆ ಸೇರಿದರೂ, ಎರಡೂವರೆಯಿಂದ ಮೂರು ಕಿಲೋ ಹಬೆ ಕೊಡುತ್ತದೆ. ಹಸಿ ಸೌದೆಯಾದರೆ ಅದರ ನೀರನ್ನೇ ಮೊದಲು ಆವಿ ಮಾಡಬೇಕು, ಲೆಕ್ಕ ಕುಸಿಯುತ್ತದೆ.

ನಿತ್ಯ ನೋಡಬೇಕಾದ್ದು ನೀರಿನ ಮಟ್ಟದ ಗಾಜು. ಬೆಳಗ್ಗೆ ಅದರ ಕೆಳಗಿನ ನಲ್ಲಿ ತೆರೆದು ನೀರು ಹೋಗಿ ಮತ್ತೆ ತಕ್ಷಣ ಏರುತ್ತದೆಯೇ ನೋಡಿ. ನಿಧಾನ ಏರಿದರೆ ದಾರಿ ಕಟ್ಟಿದೆ, ಗಾಜು ಸುಳ್ಳು ಹೇಳುತ್ತಿದೆ. ನಡುವೆ ಎಂದಾದರೂ ನೀರು ಗಾಜಿನಲ್ಲಿ ಕಾಣದೆ ಹೋದರೆ ತಣ್ಣೀರು ಬಿಡಬೇಡಿ. ಉರಿ ತೆಗೆಯಿರಿ, ದೂರ ನಿಲ್ಲಿ, ತಾನಾಗಿ ತಣಿಯಲಿ. ಕಾದು ಕೆಂಪಾದ ಲೋಹದ ಮೇಲೆ ಬಿದ್ದ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಾಯ್ಲರ್ ಒಡೆಯುವ ಹಳೆಯ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಸೇಫ್ಟಿ ವಾಲ್ವಿನ ಹಿಡಿಕೆಯನ್ನು ತಯಾರಕರು ಹೇಳಿದ ಕ್ರಮದಲ್ಲಿ ಆಗಾಗ ಎತ್ತಿ ಬಿಡಿ, ಹಬೆ ಹೊರಡಬೇಕು, ಬಿಟ್ಟೊಡನೆ ಮುಚ್ಚಿಕೊಳ್ಳಬೇಕು.

ನೀರಿನ ಬಗ್ಗೆ. ಹಿಂದೂಪುರ, ಮಡಕಶಿರಾ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿ ಸುಣ್ಣದ ಹೊರಪೊರೆ ಕಟ್ಟಿಕೊಂಡು ಲೋಹ ಬೇಯುತ್ತದೆ, ಅಲ್ಲಿನವರಿಗೆ ಸಾಫ್ಟ್‌ನರ್ ಬೇಕು. ನಮ್ಮ ಮುರಕಲ್ಲಿನ ಬಾವಿಗಳ ತೊಂದರೆ ತಿರುಗುಮುರುಗು. ನೀರು ಮೆದು, ಆದರೆ ಹುಳಿ. ಪೊರೆ ಕಟ್ಟದಿದ್ದರೂ ಕಬ್ಬಿಣವನ್ನು ಮೆಲ್ಲನೆ ತಿನ್ನುತ್ತದೆ. ಪಿಎಚ್ ಪರೀಕ್ಷಿಸಿ 7ಕ್ಕಿಂತ ಕೆಳಗಿದ್ದರೆ ಸರಿಪಡಿಸಿಯೇ ಬಿಡಿ. ನಿಮ್ಮ ಹಬೆ ನೇರ ತಿಂಡಿಗೆ ತಾಗುವುದರಿಂದ ಬಾಯ್ಲರಿಗೆಂದು ಮಾರುವ ರಾಸಾಯನಿಕಗಳನ್ನು ಆಹಾರಕ್ಕೆ ಸಲ್ಲುವಂಥದ್ದೆಂದು ಖಚಿತವಾಗದೆ ಹಾಕಬಾರದು. ಸ್ಟೇನ್‌ಲೆಸ್ ಸ್ಟೀಲಿನದ್ದಾದರೆ ಈ ಚಿಂತೆ ಬಹಳ ಕಡಿಮೆ.

ಕೊಟ್ಟಿಗೆಯ ಮೇಲೆ ನೀರು ನಿಲ್ಲದಂತೆ ಏನು ಮಾಡಬೇಕೆಂದೂ ಕೇಳಿದ್ದೀರಿ. ಬಾಯ್ಲರ್ ಇಟ್ಟ ಮೇಲೆ, ಪೈಪಿನಲ್ಲೇ ತಣಿದು ನೀರಾದದ್ದು ಹಬೆಯ ಜೊತೆ ಒಳಗೆ ನುಗ್ಗುತ್ತದೆ. ಪೈಪಿಗೆ ಶಾಖ ಸೋರದ ಹೊದಿಕೆ ಸುತ್ತಿ, ಹಬೆ ಹೋಗುವ ದಿಕ್ಕಿಗೇ ಇಳಿಜಾರು ಕೊಟ್ಟು, ತಿಂಡಿ ಬೇಯುವ ಪೆಟ್ಟಿಗೆಗೆ ಸೇರುವ ಮೊದಲು ಕೆಳಮುಖವಾದ ಕವಲಿನಲ್ಲಿ, ಹಬೆಯನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್ ಕೂರಿಸಿ. ಪೈಪಿನಲ್ಲಿ ಢಣ್ ಢಣ್ ಬಡಿತ ಕೇಳಿದರೆ ಅದೂ ನಿಂತ ನೀರಿನ ಕೆಲಸವೇ. ಅಂಥಾಗ ವಾಲ್ವನ್ನು ಒಮ್ಮೆಲೇ ತೆರೆಯಬೇಡಿ. ಮುಚ್ಚಳದ ಹನಿಗೆ ಮನೆಯ ಉಪಾಯವೇ ಸಾಕು, ಮುಚ್ಚಳದ ಅಡಿಭಾಗಕ್ಕೆ ಒಣ ಬಟ್ಟೆ ಕಟ್ಟಿ.

ಕುಂಬಳೆಯ ಓದುಗರು: ಅಕ್ಕಲಕೋಟೆಯ ನಮ್ಮ ಬಂಧುಗಳ ಮನೆಯಲ್ಲಿ ಏರ್ ಕೂಲರ್ ಹಿತವಾಗಿ ತಂಪು ಕೊಡುತ್ತದೆ. ಅಂಥದ್ದನ್ನೇ ತಂದರೆ ಇಲ್ಲಿ ಇನ್ನಷ್ಟು ಬೆವರು. ಯಂತ್ರ ಹಾಳೆ?

ಯಂತ್ರ ಸರಿಯಾಗಿದೆ, ಊರು ಬೇರೆ. ಕೂಲರ್ ಮಾಡುವುದು ನೀರನ್ನು ಆವಿ ಮಾಡಿ, ಅದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದ ಕಸಿಯುವುದು. ಅಕ್ಕಲಕೋಟೆ ಇರುವ ಸೊಲ್ಲಾಪುರ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿ, 20 ಶೇಕಡ ತೇವ ಇದ್ದರೆ ಆ ಗಾಳಿ 22 ಡಿಗ್ರಿಯ ಹತ್ತಿರದವರೆಗೂ ತಣಿಯಬಲ್ಲದು. ಒಳ್ಳೆಯ ಪ್ಯಾಡ್ ಇದ್ದರೆ ಕೂಲರಿನಿಂದ 26 ಡಿಗ್ರಿಯ ಗಾಳಿ ಬರುತ್ತದೆ. ಕುಂಬಳೆಯಲ್ಲಿ 33 ಡಿಗ್ರಿ, 70 ಶೇಕಡ ತೇವದ ದಿನ ಅದರ ಮಿತಿಯೇ 28, ಕೂಲರ್ ಕೊಡುವುದು 29ಕ್ಕೂ ಮೇಲೆ. ಆ ನಾಲ್ಕು ಡಿಗ್ರಿಗಾಗಿ ಕೋಣೆಗೆ ನೀರಾವಿ ತುಂಬುತ್ತೀರಿ, ಮೈಯ ಬೆವರು ಆರುವುದಿಲ್ಲ. ಕಿಟಕಿ ಮುಚ್ಚಿದ್ದರೆ ಇನ್ನೂ ಕಷ್ಟ. ನೀರು ಹಾಕದೆ ಬರೀ ಫ್ಯಾನಾಗಿ ಬಳಸಿ, ಇಲ್ಲವೇ ಅಕ್ಕಲಕೋಟೆಗೇ ಕಳಿಸಿಕೊಡಿ, ಅಲ್ಲಿ ಕೆಲಸಕ್ಕೆ ಬರುತ್ತದೆ.

ಅಡೂರಿನಿಂದ: ಜಂಬ್ರದ ಅಡುಗೆಯಲ್ಲಿ ಗ್ಯಾಸ್ ಸಿಲಿಂಡರಿನ ಹೊರಗೆ ಹಿಮ ಕಟ್ಟಿ ಉರಿ ಸಣ್ಣದಾಯಿತು. ಸಿಲಿಂಡರ್ ಮಗುಚಿ ಮಲಗಿಸಿದರು. ಸರಿಯೆ?

ತೀರಾ ಅಪಾಯ. ಒಳಗಿರುವುದು ದ್ರವ. ಒಲೆಗೆ ಬರುವುದು ಅದರ ಮೇಲಿನ ಆವಿ. ಒಂದು ಕಿಲೋ ದ್ರವ ಆವಿಯಾಗಲು 350ರಿಂದ 400 ಕಿಲೋಜೂಲ್ ಶಾಖ ಬೇಕು, ಅದನ್ನು ಸಿಲಿಂಡರಿನ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ದೊಡ್ಡ ಒಲೆ ಜೋರಾಗಿ ಉರಿದರೆ ಹೊರಗಿನಿಂದ ಬರುವ ಶಾಖ ಸಾಲದೆ ಸಿಲಿಂಡರ್ ತಣಿಯುತ್ತದೆ, ಒತ್ತಡ ಬೀಳುತ್ತದೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಹೊರಗೆ ಬಂದು ಸುಮಾರು 250 ಪಟ್ಟು ಹಿಗ್ಗಿ ಒಲೆಯಲ್ಲಿ ಭುಗಿಲೇಳುತ್ತದೆ. ಬಿಸಿನೀರು ಸುರಿಯುವುದೂ ಬೆಂಕಿಯ ಹತ್ತಿರ ತರುವುದೂ ಬೇಡ. ಒಂದು ಸಿಲಿಂಡರಿಗೆ ಹೇರುವ ಬದಲು, ಏಜೆನ್ಸಿಯವರಿಂದಲೇ ಎರಡು ಮೂರು ಸಿಲಿಂಡರುಗಳನ್ನು ಜೋಡಿಸಿಕೊಂಡರೆ ಹಿಮವೇ ಕಟ್ಟುವುದಿಲ್ಲ.

ಈ ಆವಿ ಗಾಳಿಗಿಂತ ಭಾರ, ಸೋರಿದರೆ ಏರದೆ ನೆಲ ಹಿಡಿದು ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ 2 ಶೇಕಡ ಬೆರೆತರೂ ಹೊತ್ತಿಕೊಳ್ಳಬಲ್ಲದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪೆರ್ಲದ ತಾಯಿಯೊಬ್ಬರು: ಮೂರು ವರ್ಷದ ಮಗುವಿಗೆ ಶೀತ. ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸಬಹುದೆ?

ದಯವಿಟ್ಟು ಬೇಡ. ಮಗು ಕೊಸರಾಡಿ ಪಾತ್ರೆ ಮಗುಚುವುದೇ ದೊಡ್ಡ ಭಯ. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಮೇಲೆ ಹೇಳಿದ ಆ 540 ಕಿಲೋಕ್ಯಾಲರಿಯ ಅಡಗಿದ ಶಾಖವೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ನೀಲಗಿರಿ ಎಣ್ಣೆ ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಮೂಗಿಗೆ ಉಪ್ಪುನೀರಿನ ಹನಿ ಸಾಕು, ಉಸಿರಾಟ ಕಷ್ಟವೆನಿಸಿದರೆ ವೈದ್ಯರು. ಹಬೆ ಅಥವಾ ಬಿಸಿನೀರು ಯಾರಿಗೆ ತಾಗಿದರೂ ಕೂಡಲೇ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಐಸ್, ಪೇಸ್ಟ್, ತುಪ್ಪ ಯಾವುದೂ ಬೇಡ.

ತಾಳವಾಡಿಯ ಓದುಗರು: ಮಜ್ಜಿಗೆ ಹುಲ್ಲಿನಿಂದ ಎಣ್ಣೆ ತೆಗೆಯಲು ಹೊರಟಿದ್ದೇವೆ. ಆ ಎಣ್ಣೆ 200 ಡಿಗ್ರಿಗೂ ಮೇಲೆ ಕುದಿಯುತ್ತದಂತೆ. 100 ಡಿಗ್ರಿಯ ಹಬೆಯಲ್ಲಿ ಹೇಗೆ ಬರುತ್ತದೆ?

ಒಳ್ಳೆಯ ಪ್ರಶ್ನೆ. ಎಣ್ಣೆಯೂ ನೀರೂ ಬೆರೆಯದ ದ್ರವಗಳಾದ್ದರಿಂದ ಎರಡೂ ತಮ್ಮ ತಮ್ಮ ಆವಿಯ ಒತ್ತಡವನ್ನು ಬೇರೆ ಬೇರೆಯಾಗಿ ಕೊಡುತ್ತವೆ. ಕೂಡಿದ ಮೊತ್ತ ವಾತಾವರಣದ ಒತ್ತಡವನ್ನು ಮುಟ್ಟಿದರೆ ಸಾಕು, ಕುದಿ ಬರುತ್ತದೆ. ಅದು 100ಕ್ಕಿಂತ ತುಸು ಕೆಳಗೇ ಆಗುತ್ತದೆ. ಬಹಳಷ್ಟು ನೀರಾವಿ ಸ್ವಲ್ಪ ಎಣ್ಣೆಯಾವಿಯನ್ನು ಕೈಹಿಡಿದು ಕರೆದೊಯ್ಯುತ್ತದೆ.

ಹುಲ್ಲನ್ನು ಕೊಯ್ದು ನೆರಳಿನಲ್ಲಿ ಒಂದು ದಿನ ಬಾಡಿಸಿ, ಆಗ ಪಾತ್ರೆಗೆ ಹೆಚ್ಚು ಹಿಡಿಸುತ್ತದೆ. ತುಂಬುವಾಗ ಎಲ್ಲೂ ಪೊಳ್ಳು ಉಳಿಯಬಾರದು. ಉಳಿದರೆ ಹಬೆ ಅದೇ ಸುಲಭದ ಹಾದಿ ಹಿಡಿದು ಸುತ್ತಲಿನ ಹುಲ್ಲನ್ನು ಮುಟ್ಟದೆ ಹೊರಟುಹೋಗುತ್ತದೆ. ಎರಡರಿಂದ ಮೂರು ಗಂಟೆ ಹಬೆ ಹಾಯಿಸಿದರೆ 100 ಕಿಲೋ ಹುಲ್ಲಿಗೆ 300ರಿಂದ 400 ಗ್ರಾಂ ಎಣ್ಣೆ ನಿರೀಕ್ಷಿಸಬಹುದು. ಆವಿಯನ್ನು ತಣಿಸುವ ಕಂಡೆನ್ಸರಿನಿಂದ ಬರುವ ನೀರು ಕೈಗೆ ಬಿಸಿ ತಾಗಿದರೆ ತಣಿಸುವ ನೀರು ಸಾಲದು, ಎಣ್ಣೆ ಗಾಳಿಗೆ ಹೋಗುತ್ತಿದೆ. ನೀರು ಬೇರ್ಪಟ್ಟ ಮೇಲೆ ಸೋಸಿ, ಬಣ್ಣದ ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಡಿ. ಅರ್ಧ ತುಂಬಿದ ಬಾಟಲಿಯಲ್ಲಿ ಮೇಲಿನ ಗಾಳಿಯೇ ಎಣ್ಣೆಯನ್ನು ಕೆಡಿಸುತ್ತದೆ.